ಕಿಡ್ನಿ ಕಸಿ: ಮೊದಲ ತಪಾಸಣೆಯಿಂದ ನಡುರಾತ್ರಿಯ ಫೋನ್‌ವರೆಗೆ

“ಪಟ್ಟಿಗೆ ಹೆಸರು ಸೇರಿಸಿ ಎರಡು ವರ್ಷ ಆಯ್ತು, ಒಂದು ಕರೆಯೂ ಬಂದಿಲ್ಲ.” ಹೀಗೆ ಹೇಳಿಕೊಳ್ಳುವವರಿಗೆ ನಾನು ಮೊದಲು ಕೇಳುವುದು ಒಂದೇ ಮಾತು: ಪಟ್ಟಿಯಲ್ಲಿ ನಿಮ್ಮ ಹೆಸರು ಇವತ್ತು ಆಕ್ಟಿವ್ ಇದೆಯಾ, ಹೋಲ್ಡ್‌ನಲ್ಲಿದೆಯಾ? ಹೋಲ್ಡ್‌ನಲ್ಲಿದ್ದರೆ ಹೆಸರು ಪಟ್ಟಿಯಲ್ಲಿದ್ದರೂ ಕರೆ ಬರುವುದಿಲ್ಲ. ಬಹಳ ಮಂದಿಗೆ ಹಾಗೊಂದು ವ್ಯತ್ಯಾಸ ಇದೆ ಅನ್ನುವುದೇ ಗೊತ್ತಿರುವುದಿಲ್ಲ. ವಿಚಾರಿಸಿದರೆ ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟ್ ಹಳತಾಗಿರುತ್ತದೆ, ರಕ್ತದ ಸ್ಯಾಂಪಲ್ ಹೋಗಿರುವುದಿಲ್ಲ, ಫೋನ್ ನಂಬರ್ ಬದಲಾಗಿರುತ್ತದೆ. ನನ್ನ ಹೆಸರೂ ಹೀಗೆಯೇ ನಾಲ್ಕು ತಿಂಗಳು ಹೋಲ್ಡ್‌ನಲ್ಲಿತ್ತು. ಹೃದಯದ ರಿಪೋರ್ಟಿನ ಅವಧಿ ಮುಗಿದಿದೆ ಎಂದು ಆಸ್ಪತ್ರೆಯವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ನಾಲ್ಕು ತಿಂಗಳೂ ದಿಂಬಿನ ಪಕ್ಕ ಫೋನ್ ಇಟ್ಟುಕೊಂಡೇ ಮಲಗುತ್ತಿದ್ದೆ.

ತೀರಿಕೊಂಡವರು ದಾನ ಮಾಡಿದ ಕಿಡ್ನಿಗಾಗಿ ಕಾಯುವವರ ಈ ಪಟ್ಟಿ ಟಿಕೆಟ್ ಕೌಂಟರಿನ ಕ್ಯೂ ಥರ ಇಲ್ಲ. ಮುಂದೆ ನಿಂತವರಿಗೇ ಮೊದಲು ಸಿಗುತ್ತದೆ ಅಂತಿಲ್ಲ. ಒಂದು ಕಿಡ್ನಿ ಬಂದ ರಾತ್ರಿ ಅದು ಯಾರಿಗೆಲ್ಲ ಹೊಂದುತ್ತದೆ, ಅವರಲ್ಲಿ ಯಾರು ಆ ಹೊತ್ತಿಗೆ ಆಪರೇಷನ್‌ಗೆ ತಯಾರಿದ್ದಾರೆ ಎಂದು ನೋಡುತ್ತಾರೆ. ಹೊಂದುವುದು ಬಿಡುವುದು ನಮ್ಮ ಕೈಯಲ್ಲಿಲ್ಲ. ತಯಾರಿರುವುದು ಮಾತ್ರ ಪೂರ್ತಿ ನಮ್ಮ ಕೈಯಲ್ಲಿದೆ. ಕೆಳಗಿನದ್ದೆಲ್ಲ ಅದರ ಕುರಿತೇ. ನಿಯಮಗಳು ದೇಶದಿಂದ ದೇಶಕ್ಕೆ, ಆಸ್ಪತ್ರೆಯಿಂದ ಆಸ್ಪತ್ರೆಗೆ ಬದಲಾಗುತ್ತವೆ. ಕೆಲಸದ ಕ್ರಮ ಹೆಚ್ಚುಕಡಿಮೆ ಎಲ್ಲ ಕಡೆ ಇದೇ. ಇಲ್ಲಿ ಬರೆದಿದ್ದಕ್ಕೂ ನಿಮ್ಮ ವೈದ್ಯರು ಹೇಳಿದ್ದಕ್ಕೂ ತಾಳೆಯಾಗದಿದ್ದರೆ ವೈದ್ಯರ ಮಾತನ್ನೇ ಹಿಡಿಯಿರಿ.

ಹಂತ 1: ಡಯಾಲಿಸಿಸ್ ಶುರುವಾಗಲಿ ಎಂದು ಕಾಯಬೇಡಿ

ಇಜಿಎಫ್‌ಆರ್ (ಕಿಡ್ನಿ ರಕ್ತವನ್ನು ಎಷ್ಟು ಸೋಸುತ್ತಿದೆ ಎಂಬ ಅಳತೆ) 30ಕ್ಕಿಂತ ಕೆಳಗೆ ಇಳಿದು, ಇನ್ನೂ ಇಳಿಯುತ್ತಲೇ ಇದ್ದರೆ ಕಸಿಯ ಮಾತು ಎತ್ತಬೇಕಾದ ಸಮಯ ಬಂತು ಎಂದೇ ಲೆಕ್ಕ. ಡಯಾಲಿಸಿಸ್ ಬೇಕಾಗಬಹುದು ಎನ್ನುವ ಅಂದಾಜು ದಿನಕ್ಕಿಂತ ಕನಿಷ್ಠ 6ರಿಂದ 12 ತಿಂಗಳು ಮೊದಲೇ ಕಸಿ ಕೇಂದ್ರಕ್ಕೆ ಕಳಿಸಬೇಕು ಎಂದು ಅಂತರರಾಷ್ಟ್ರೀಯ ಮಾರ್ಗಸೂಚಿ ಕೆಡಿಗೊ 2020ರಲ್ಲಿ ಹೇಳಿದೆ. ತಪಾಸಣೆಗೇ ತಿಂಗಳುಗಟ್ಟಲೆ ಹಿಡಿಯುವುದರಿಂದ ಈ ಅಂತರ ಬೇಕೇ ಬೇಕು. ಮನೆಯಲ್ಲೇ ದಾನಿ ಇದ್ದರೆ ಒಂದೇ ಒಂದು ಡಯಾಲಿಸಿಸ್ ಆಗದೆ ನೇರವಾಗಿ ಕಸಿಗೆ ಹೋಗುವ ಸಾಧ್ಯತೆಯೂ ಇದೆ.

ಇಲ್ಲಿ ಆಗುವ ದೊಡ್ಡ ತಪ್ಪು, “ಸಮಯ ಬಂದಾಗ ಡಾಕ್ಟರೇ ಹೇಳ್ತಾರೆ” ಎಂದು ಸುಮ್ಮನಿರುವುದು. ಕಿಕ್ಕಿರಿದ ಓಪಿಡಿಯಲ್ಲಿ ನೆಫ್ರಾಲಜಿಸ್ಟ್ (ಕಿಡ್ನಿ ತಜ್ಞರು) ಆ ದಿನದ ಪೊಟ್ಯಾಸಿಯಮ್, ಬಿಪಿ ನೋಡಿ ಕಳಿಸುತ್ತಾರೆ. ನೀವಾಗಿ ಕೇಳಿ: “ನನಗೆ ಕಸಿ ಮಾಡಿಸಬಹುದಾ? ಆಗುವುದಾದರೆ ರೆಫರಲ್ ಪತ್ರ ಯಾವಾಗ ಕೊಡ್ತೀರಿ? ಆಗದಿದ್ದರೆ ಕಾರಣ ಏನು?” ಮೂರೂ ಪ್ರಶ್ನೆಗೆ ಉತ್ತರ ಸಿಗದೆ ಕುರ್ಚಿಯಿಂದ ಏಳಬೇಡಿ.

ಇನ್ನೊಂದು ತಪ್ಪು, ನಮಗೆ ನಾವೇ ತೀರ್ಪು ಕೊಟ್ಟುಕೊಳ್ಳುವುದು. ವಯಸ್ಸಾಯಿತು, ಶುಗರ್ ಇದೆ, ಸ್ಟೆಂಟ್ ಹಾಕಿದ್ದಾರೆ, ಒಮ್ಮೆ ಕ್ಯಾನ್ಸರ್ ಆಗಿತ್ತು. ಇವು ಯಾವುವೂ ತಾವಾಗಿಯೇ ಬಾಗಿಲು ಮುಚ್ಚುವುದಿಲ್ಲ. ಕೆಲವು ಕ್ಯಾನ್ಸರ್‌ಗಳಲ್ಲಿ ಚಿಕಿತ್ಸೆ ಮುಗಿದ ಮೇಲೆ ಕಾಯಬೇಕಾದ್ದೇ ಇಲ್ಲ, ಕೆಲವಕ್ಕೆ 2ರಿಂದ 5 ವರ್ಷ ಕಾಯಿಸುತ್ತಾರೆ. ನಿಜವಾಗಿ ಅಡ್ಡಬರುವುದು ಈಗ ಇರುವ ಕ್ಯಾನ್ಸರ್, ಈಗ ಇರುವ ಸೋಂಕು, ಆಪರೇಷನ್ ತಡೆಯಲಾಗದಷ್ಟು ಹದಗೆಟ್ಟ ಹೃದಯ ಅಥವಾ ಶ್ವಾಸಕೋಶ. ಅದನ್ನು ತೀರ್ಮಾನಿಸುವುದು ಕಸಿ ತಂಡದ ಕೆಲಸ.

ಹಂತ 2: ಫೈಲ್ ಕಟ್ಟಿಕೊಳ್ಳಿ

ಮೊದಲ ಭೇಟಿಗೆ ಮುಂಚೆ ಒಂದು ಗಟ್ಟಿ ಫೈಲ್ ಬೇಕು. ಪ್ಲಾಸ್ಟಿಕ್ ಕವರಿನೊಳಗೆ ಹತ್ತು ವರ್ಷದ ಕಾಗದ ತುರುಕಿಕೊಂಡು ಹೋದರೆ ಯಾರೂ ಓದುವುದಿಲ್ಲ. ನನ್ನ ಫೈಲಿನ ಮೊದಲ ಹಾಳೆಯಲ್ಲಿ ಇಷ್ಟೇ ಇರುತ್ತಿತ್ತು: ಬ್ಲಡ್ ಗ್ರೂಪ್, ಕಿಡ್ನಿ ಕೆಟ್ಟ ಕಾರಣ, ಡಯಾಲಿಸಿಸ್ ಆರಂಭವಾದ ದಿನ, ಡ್ರೈ ವೇಟ್ (ಮೈಯಲ್ಲಿ ಹೆಚ್ಚುವರಿ ನೀರಿಲ್ಲದಾಗಿನ ತೂಕ), ಆದ ಆಪರೇಷನ್‌ಗಳು, ರಕ್ತ ಏರಿಸಿದ ದಿನಗಳು, ಯಾವ ಔಷಧಕ್ಕೆ ಅಲರ್ಜಿ, ಸದ್ಯ ತೆಗೆದುಕೊಳ್ಳುವ ಮಾತ್ರೆಗಳ ಹೆಸರು ಮತ್ತು ಪ್ರಮಾಣ. ಹೆಂಗಸರಾದರೆ ಎಷ್ಟು ಸಲ ಗರ್ಭ ನಿಂತಿತ್ತು ಎನ್ನುವುದನ್ನೂ ಬರೆಯಬೇಕು, ಗರ್ಭಪಾತವಾಗಿದ್ದರೆ ಅದನ್ನೂ ಸೇರಿಸಿ. ಯಾಕೆಂದು ಹಂತ 3ರಲ್ಲಿ ಗೊತ್ತಾಗುತ್ತದೆ.

ಕಿಡ್ನಿ ಬಯಾಪ್ಸಿ ಯಾವಾಗಲೋ ಆಗಿದ್ದರೆ ಆ ರಿಪೋರ್ಟನ್ನು ಹೇಗಾದರೂ ಹುಡುಕಿ ತೆಗೆಯಿರಿ. ಎಫ್‌ಎಸ್‌ಜಿಎಸ್, ಆಕ್ಸಲೋಸಿಸ್‌ನಂಥ ಕೆಲವು ಕಾಯಿಲೆಗಳು ಹೊಸ ಕಿಡ್ನಿಗೂ ಬರಬಹುದು. ಮೂಲ ಕಾಯಿಲೆ ಯಾವುದೆಂದು ಗೊತ್ತಿದ್ದರೆ ತಂಡ ಅದಕ್ಕೆ ತಕ್ಕಂತೆ ಸಿದ್ಧತೆ ಮಾಡಿಕೊಳ್ಳುತ್ತದೆ. “ಬಿಪಿಯಿಂದ ಆಯ್ತಂತೆ” ಎನ್ನುವ ಬಾಯಿಮಾತು ಸಾಲದು.

ಎರಡನೇ ಹಾಳೆಯೇ ಮುಂದೆ ನಿಮ್ಮನ್ನು ಕಾಪಾಡುವುದು. ನಾಲ್ಕು ಕಾಲಂ ಹಾಕಿ: ಪರೀಕ್ಷೆ, ಮಾಡಿಸಿದ ದಿನ, ಫಲಿತಾಂಶ, ಮತ್ತೆ ಯಾವಾಗ ಮಾಡಿಸಬೇಕು. ಕೊನೆಯ ಕಾಲಂ ಪೆನ್ಸಿಲ್‌ನಲ್ಲಿ ತುಂಬಿ. ಎಲ್ಲ ಹಾಳೆಗಳ ಫೋಟೋ ಫೋನಿನಲ್ಲೂ, ಮನೆಯಲ್ಲಿ ಇನ್ನೊಬ್ಬರ ಫೋನಿನಲ್ಲೂ ಇರಲಿ.

ಹಂತ 3: ಪರೀಕ್ಷೆಗಳನ್ನು ಸರಿಯಾದ ಕ್ರಮದಲ್ಲಿ ಮಾಡಿಸಿ

ಪಟ್ಟಿ ಕೈಗೆ ಬಂದೊಡನೆ ಸುಲಭವಾದದ್ದನ್ನೆಲ್ಲ ಮೊದಲು ಮುಗಿಸಿಬಿಡೋಣ ಅನಿಸುತ್ತದೆ. ಹಾಗೆ ಮಾಡಿದರೆ ಸಣ್ಣ ರಕ್ತಪರೀಕ್ಷೆಗಳೆಲ್ಲ ಆಗಿ, ಆರು ತಿಂಗಳ ನಂತರ ಹೃದಯದಲ್ಲಿ ಬ್ಲಾಕ್ ಇದೆ ಎಂದು ತಿಳಿಯುತ್ತದೆ. ಅದಕ್ಕೆ ಚಿಕಿತ್ಸೆ ಮುಗಿಯುವಷ್ಟರಲ್ಲಿ ಮೊದಲಿನ ರಿಪೋರ್ಟುಗಳೆಲ್ಲ ಹಳತು. ಆದ್ದರಿಂದ ದಾರಿಯನ್ನೇ ತಡೆಯಬಲ್ಲ ಪರೀಕ್ಷೆಗಳು ಮೊದಲು, ಜೊತೆಜೊತೆಗೇ ನಿಧಾನಕ್ಕೆ ಮುಗಿಯುವ ಕೆಲಸಗಳು, ಉಳಿದವು ಆಮೇಲೆ.

ತಡೆಯಬಲ್ಲವುಗಳಲ್ಲಿ ಹೃದಯ ಮುಂದೆ. ಇಸಿಜಿ, ಎಕೋ, ಬೇಕಿದ್ದರೆ ಸ್ಟ್ರೆಸ್ ಟೆಸ್ಟ್, ಅನುಮಾನ ಬಂದರೆ ಆಂಜಿಯೋಗ್ರಾಂ. ಎಕೋವನ್ನು ಡಯಾಲಿಸಿಸ್ ಆದ ಮರುದಿನ ಮಾಡಿಸಿ. ಮೈತುಂಬ ನೀರಿಟ್ಟುಕೊಂಡು ಹೋದರೆ ಹೃದಯ ಇರುವುದಕ್ಕಿಂತ ದುರ್ಬಲವಾಗಿ ಕಾಣಬಹುದು. ನಂತರ ಹೊಟ್ಟೆಯ ಕೆಳಭಾಗದ ರಕ್ತನಾಳಗಳು. ಹೊಸ ಕಿಡ್ನಿಯನ್ನು ಹಳೆಯದರ ಜಾಗದಲ್ಲಿ ಇಡುವುದಿಲ್ಲ. ಕಿಬ್ಬೊಟ್ಟೆಯ ಒಂದು ಬದಿಗೆ ಇಟ್ಟು, ಕಾಲಿಗೆ ಹೋಗುವ ದೊಡ್ಡ ರಕ್ತನಾಳಕ್ಕೆ ಹೊಲಿಯುತ್ತಾರೆ. ಆ ನಾಳದ ಗೋಡೆಯಲ್ಲಿ ಸುಣ್ಣ ಗಟ್ಟಿಕಟ್ಟಿದ್ದರೆ ಹೊಲಿಗೆ ಹಾಕುವುದೇ ಕಷ್ಟ. ಅದನ್ನು ನೋಡಲು ಸಿಟಿ ಸ್ಕ್ಯಾನ್ ಮಾಡಿಸುತ್ತಾರೆ. ಹಳೆಯ ಕಿಡ್ನಿಗಳನ್ನು ಸಾಮಾನ್ಯವಾಗಿ ಹಾಗೇ ಬಿಡುತ್ತಾರೆ. ಕಿಡ್ನಿಯ ತುಂಬ ನೀರುಗುಳ್ಳೆ ಏಳುವ ಪಾಲಿಸಿಸ್ಟಿಕ್ ಕಾಯಿಲೆಯಲ್ಲಿ ಅವು ಊದಿಕೊಂಡು ಜಾಗವೇ ಇಲ್ಲದಂತಾಗಿದ್ದರೆ ಒಂದನ್ನು ತೆಗೆಯಬೇಕಾಗಬಹುದು.

ವಯಸ್ಸಿಗೂ ಲಿಂಗಕ್ಕೂ ತಕ್ಕ ಕ್ಯಾನ್ಸರ್ ತಪಾಸಣೆಯೂ ಈ ಗುಂಪಿನಲ್ಲೇ ಬರುತ್ತದೆ: ಪ್ಯಾಪ್ ಸ್ಮಿಯರ್, ಮ್ಯಾಮೋಗ್ರಾಂ, ಕೊಲೊನೋಸ್ಕೋಪಿ. ಕಸಿಯ ನಂತರ ಕೊಡುವ ಔಷಧ ರೋಗನಿರೋಧಕ ಶಕ್ತಿಯನ್ನು ಇಳಿಸುತ್ತದೆ. ಒಳಗೆ ಅಡಗಿರುವ ಗೆಡ್ಡೆಗೆ ಅದಕ್ಕಿಂತ ಅನುಕೂಲ ಬೇಕೆ?

ನಿಧಾನಕ್ಕೆ ಮುಗಿಯುವವು ಎಂದರೆ ಹಲ್ಲು, ಲಸಿಕೆ, ತೂಕ ಮತ್ತು ಸಿಗರೇಟು. ಹಲ್ಲನ್ನು ಎಲ್ಲರೂ ಕೊನೆಗೆ ಬಿಡುತ್ತಾರೆ. ನಾನು ಕಂಡಂತೆ ಹೆಚ್ಚು ಜನರನ್ನು ಕೊನೆ ಗಳಿಗೆಯಲ್ಲಿ ನಿಲ್ಲಿಸುವುದೂ ಅದೇ. ಕೊಳೆತ ಬೇರಿನಲ್ಲಿ ಕೀವಿದ್ದರೆ ಅದು ಸೋಂಕೇ. ಹಲ್ಲು ಕೀಳಿಸುವ ದಿನವನ್ನು ಡಯಾಲಿಸಿಸ್ ಘಟಕಕ್ಕೆ ಮೊದಲೇ ತಿಳಿಸಿ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಲೆಕ್ಕ ಅವರು ನೋಡಿಕೊಳ್ಳುತ್ತಾರೆ.

ಲಸಿಕೆಗೆ ಹೆಪಟೈಟಿಸ್ ಬಿಯಿಂದ ಶುರು ಮಾಡಿ. ಡಯಾಲಿಸಿಸ್‌ನಲ್ಲಿರುವವರಿಗೆ ಡೋಸ್ ಹೆಚ್ಚು, ಪೂರ್ತಿಯಾಗಲು ತಿಂಗಳುಗಳೇ ಬೇಕು. ಕೋರ್ಸ್ ಮುಗಿದ ಮೇಲೆ ಆ್ಯಂಟಿಬಾಡಿ ಮಟ್ಟ 10 ದಾಟಿದೆಯಾ ಎಂದು ಪರೀಕ್ಷೆ ಮಾಡಿಸಬೇಕು. ಸೂಜಿ ಚುಚ್ಚಿಸಿಕೊಂಡ ಮಾತ್ರಕ್ಕೆ ರಕ್ಷಣೆ ಸಿಕ್ಕಿತು ಎಂದಲ್ಲ, ಈ ಕಾಯಿಲೆಯಲ್ಲಿ ದೇಹ ಲಸಿಕೆಗೆ ಸರಿಯಾಗಿ ಸ್ಪಂದಿಸುವುದಿಲ್ಲ. ದಡಾರ, ಸೀತಾಳೆ ಸಿಡುಬಿನಂಥ (ಚಿಕನ್‌ಪಾಕ್ಸ್) ಕಾಯಿಲೆಗಳಿಗೆ ಕೊಡುವ ಜೀವಂತ ಲಸಿಕೆಗಳನ್ನು ಕಸಿಗೆ ಕನಿಷ್ಠ 4 ವಾರ ಮೊದಲೇ ಹಾಕಿಸಿಕೊಂಡಿರಬೇಕು. ಕಸಿಯಾದ ಮೇಲೆ ಅವನ್ನು ಸಾಮಾನ್ಯವಾಗಿ ಕೊಡುವುದಿಲ್ಲ.

ಇನ್ನು ಹೊಂದಾಣಿಕೆಯ ರಕ್ತಪರೀಕ್ಷೆಗಳು. ಬ್ಲಡ್ ಗ್ರೂಪನ್ನು ಬಹಳ ಕಡೆ ಬೇರೆ ಬೇರೆ ಹೊತ್ತಿನಲ್ಲಿ ತೆಗೆದ ಎರಡು ಸ್ಯಾಂಪಲ್‌ಗಳಿಂದ ಖಚಿತ ಮಾಡಿಕೊಳ್ಳುತ್ತಾರೆ. “ಒಮ್ಮೆ ಕೊಟ್ಟಾಯ್ತಲ್ಲ” ಎಂದು ರೇಗಬೇಡಿ. ಸಾಮಾನ್ಯವಾಗಿ ಓ ಗುಂಪಿನವರಿಗೆ ಓ ಗುಂಪಿನ ಕಿಡ್ನಿ ಮಾತ್ರ ಆಗುತ್ತದೆ, ಎಬಿ ಗುಂಪಿನವರಿಗೆ ಯಾವ ಗುಂಪಿನದೂ ಆಗುತ್ತದೆ. ನಿಮ್ಮ ಪಕ್ಕದ ಹಾಸಿಗೆಯವರು ನಿಮಗಿಂತ ತಡವಾಗಿ ಸೇರಿ ಮೊದಲೇ ಹೋದರೆ ಕಾರಣ ಬಹುಮಟ್ಟಿಗೆ ಇಲ್ಲೇ ಇರುತ್ತದೆ. ಆಮೇಲೆ ಎಚ್‌ಎಲ್‌ಎ, ಅಂದರೆ ಜೀವಕೋಶಗಳ ಮೇಲಿನ ಗುರುತುಚೀಟಿ. ಅದರ ಜೊತೆ ಪಿಆರ್‌ಎ: ಬೇರೆಯವರ ಅಂಗಾಂಶದ ವಿರುದ್ಧ ನಿಮ್ಮ ರಕ್ತದಲ್ಲಿ ಈಗಾಗಲೇ ಎಷ್ಟು ಪ್ರತಿಕಾಯ (ಆ್ಯಂಟಿಬಾಡಿ) ಇದೆ ಎಂಬ ಅಳತೆ. ಅದು 80 ಎಂದು ಬಂದರೆ ನೂರು ದಾನಿಗಳಲ್ಲಿ ಸುಮಾರು ಎಂಬತ್ತು ಮಂದಿಯ ಕಿಡ್ನಿಯನ್ನು ನಿಮ್ಮ ದೇಹ ಒಪ್ಪುವುದಿಲ್ಲ ಎಂದರ್ಥ. ರಕ್ತ ಏರಿಸಿಕೊಂಡಿದ್ದರೆ, ಗರ್ಭ ಧರಿಸಿದ್ದರೆ, ಹಿಂದೆ ಒಮ್ಮೆ ಕಸಿಯಾಗಿದ್ದರೆ ಈ ಪ್ರತಿಕಾಯಗಳು ಹುಟ್ಟಿರಬಹುದು. ಫೈಲಿನ ಮೊದಲ ಹಾಳೆಯಲ್ಲಿ ಅವನ್ನು ಬರೆಯಲು ಹೇಳಿದ್ದು ಇದಕ್ಕೇ.

ಉಳಿದಂತೆ ಎಚ್‌ಐವಿ, ಹೆಪಟೈಟಿಸ್, ಸಿಎಂವಿ ಎಂಬ ವೈರಸ್, ಕ್ಷಯದ ಪರೀಕ್ಷೆ, ಪ್ಯಾರಾಥೈರಾಯ್ಡ್ ಹಾರ್ಮೋನ್. ಮೂತ್ರಕೋಶದ ಹಳೆಯ ತೊಂದರೆ ಇದ್ದವರಿಗೆ ಅದರ ತಪಾಸಣೆಯೂ ಇರುತ್ತದೆ. ಪಾಸಿಟಿವ್ ಬಂದ ತಕ್ಷಣ ಎಲ್ಲ ಮುಗಿಯಿತು ಎಂದುಕೊಳ್ಳಬೇಡಿ. ಹೆಪಟೈಟಿಸ್ ಸಿಗೆ ಈಗ ಮಾತ್ರೆಯಲ್ಲೇ ವಾಸಿಯಾಗುವ ಚಿಕಿತ್ಸೆ ಇದೆ, ಎಚ್‌ಐವಿ ಹತೋಟಿಯಲ್ಲಿರುವವರಿಗೂ ಕಸಿ ಮಾಡುತ್ತಾರೆ.

ಹಂತ 4: ಮನಸ್ಸು, ಮನೆ, ಹಣ

ಒಬ್ಬ ಆಪ್ತ ಸಮಾಲೋಚಕರು ಕೂರಿಸಿಕೊಂಡು ಪ್ರಶ್ನೆ ಕೇಳುತ್ತಾರೆ. ಮಾತ್ರೆ ತಪ್ಪಿಸುತ್ತೀರಾ, ಕುಡಿಯುತ್ತೀರಾ, ಆಪರೇಷನ್ ಆದ ಮೇಲೆ ಜೊತೆಗಿರುವವರು ಯಾರು, ಔಷಧದ ಖರ್ಚು ಹೇಗೆ ಭರಿಸುತ್ತೀರಿ. ಇದನ್ನು ಪೊಲೀಸ್ ವಿಚಾರಣೆ ಎಂದುಕೊಂಡು ಸುಳ್ಳು ಹೇಳುವವರು ಇದ್ದಾರೆ. ನನ್ನ ಪಕ್ಕ ಕೂತಿದ್ದವರೊಬ್ಬರು “ಒಂದೂ ಡಯಾಲಿಸಿಸ್ ತಪ್ಪಿಸಿಲ್ಲ” ಎಂದರು. ಮೇಜಿನ ಮೇಲಿದ್ದ ಘಟಕದ ಹಾಜರಿಯಲ್ಲಿ ಆ ತಿಂಗಳಲ್ಲೇ ಮೂರು ಖಾಲಿ ಚೌಕ ಇದ್ದವು. ದೂರ, ಸುಸ್ತು, ಖಿನ್ನತೆ ಯಾವುದೇ ಇರಲಿ, ಇದ್ದದ್ದು ಇದ್ದಂತೆ ಹೇಳಿದರೆ ಅದಕ್ಕೊಂದು ದಾರಿ ಹುಡುಕುತ್ತಾರೆ. ಮುಚ್ಚಿಟ್ಟದ್ದು ಹೊರಬಂದರೆ ನಂಬಿಕೆಯೇ ಹೋಗುತ್ತದೆ.

ಹಣದ ಲೆಕ್ಕ ಹಾಕುವಾಗ ಆಪರೇಷನ್ನಿನ ಖರ್ಚನ್ನಷ್ಟೇ ಹಿಡಿಯಬೇಡಿ. ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸದಂತೆ ತಡೆಯುವ ಟ್ಯಾಕ್ರೋಲಿಮಸ್, ಮೈಕೋಫಿನೊಲೇಟ್‌ನಂಥ ಮಾತ್ರೆಗಳನ್ನು ಕಿಡ್ನಿ ಕೆಲಸ ಮಾಡುವಷ್ಟು ಕಾಲವೂ ನುಂಗಬೇಕು. ಮೊದಲ ಕೆಲವು ತಿಂಗಳು ಆಸ್ಪತ್ರೆಗೆ ಓಡಾಟವೂ ಜಾಸ್ತಿ.

ಹಂತ 5: ಬದುಕಿರುವ ದಾನಿಯ ಮಾತು

ಪಟ್ಟಿಗೆ ಸೇರಿದ ಮೇಲೂ ಈ ದಾರಿಯನ್ನು ಮುಚ್ಚಬೇಡಿ, ಎರಡೂ ಜೊತೆಯಲ್ಲೇ ನಡೆಯಬಹುದು. ಬದುಕಿರುವವರು ಕೊಟ್ಟ ಕಿಡ್ನಿ ಸರಾಸರಿಯಲ್ಲಿ ಹೆಚ್ಚು ಕಾಲ ಬಾಳುತ್ತದೆ, ದಿನ ನೋಡಿ ಆಪರೇಷನ್ ಇಟ್ಟುಕೊಳ್ಳಬಹುದು. ಆದರೆ ಕೇಳುವುದು ಹೇಗೆ? ನೇರವಾಗಿ “ಕೊಡ್ತೀರಾ” ಎಂದು ಕೇಳಬೇಡಿ. ಕಾಯಿಲೆ ಏನು, ಕಸಿ ಎಂದರೇನು, ದಾನಿಗೆ ಯಾವ ಪರೀಕ್ಷೆಗಳಿವೆ ಎಂದು ಮನೆಯವರಿಗೆಲ್ಲ ಒಟ್ಟಿಗೆ ಹೇಳಿ, ಕೋಆರ್ಡಿನೇಟರ್ (ಆಸ್ಪತ್ರೆಯಲ್ಲಿ ಕಸಿಯ ಕೆಲಸಗಳನ್ನು ಹೊಂದಿಸುವವರು) ನಂಬರ್ ಕೊಟ್ಟು ಬಿಟ್ಟುಬಿಡಿ. ಮನಸ್ಸಿದ್ದವರು ತಾವೇ ಫೋನ್ ಮಾಡುತ್ತಾರೆ. ದಾನಿಯ ತಪಾಸಣೆ ಗುಟ್ಟಾಗಿ ನಡೆಯಬೇಕು, ಯಾವ ಹಂತದಲ್ಲೂ ಹಿಂದೆ ಸರಿಯುವ ಹಕ್ಕು ಅವರಿಗಿದೆ.

ಗ್ರೂಪ್ ಹೊಂದಲಿಲ್ಲ ಎಂದು ಅಲ್ಲಿಗೇ ಕೈಬಿಡುವವರು ಬಹಳ. ಎರಡು ಕುಟುಂಬಗಳ ದಾನಿಗಳನ್ನು ಅದಲುಬದಲು ಮಾಡುವ ವ್ಯವಸ್ಥೆ ಹಲವು ದೇಶಗಳಲ್ಲಿದೆ; ಗ್ರೂಪ್ ಹೊಂದದಿದ್ದರೂ ಪ್ರತಿಕಾಯ ತೆಗೆದು ಮಾಡುವ ಕಸಿಯೂ ಇದೆ. ವಿಚಾರಿಸಿ.

ದುಡ್ಡಿಗೆ ಕಿಡ್ನಿ ಕೊಡಿಸುತ್ತೇನೆ ಎಂದು ಬರುವವನ ಜೊತೆ ಮಾತೇ ಬೇಡ. ಇರಾನ್ ಒಂದನ್ನು ಬಿಟ್ಟರೆ ಹೆಚ್ಚುಕಡಿಮೆ ಜಗತ್ತಿನೆಲ್ಲೆಡೆ ಅಂಗ ಮಾರಾಟ ಅಪರಾಧ. ಮುಂಗಡ ತೆಗೆದುಕೊಂಡವನು ಮತ್ತೆ ಫೋನ್ ಎತ್ತುವುದೂ ಇಲ್ಲ.

ಹಂತ 6: ತಂಡದ ತೀರ್ಮಾನ ಕಾಗದದ ಮೇಲೆ ಬರಲಿ

ಎಲ್ಲ ರಿಪೋರ್ಟ್ ಬಂದ ಮೇಲೆ ನೆಫ್ರಾಲಜಿಸ್ಟ್, ಸರ್ಜನ್, ಅರಿವಳಿಕೆ ತಜ್ಞರು, ಸಮಾಲೋಚಕರು ಕೂತು ನಿರ್ಧರಿಸುತ್ತಾರೆ. ಉತ್ತರ ಮೂರರಲ್ಲಿ ಒಂದು: ಆಗುತ್ತದೆ, ಆಗುವುದಿಲ್ಲ, ಸದ್ಯಕ್ಕೆ ಬೇಡ. ಮೂರನೆಯದನ್ನೇ ಜನ “ಆಗುವುದಿಲ್ಲ” ಎಂದು ಕೇಳಿಸಿಕೊಂಡು ಮನೆಗೆ ಹೋಗುತ್ತಾರೆ. ತೂಕ ಇಳಿಸಬೇಕಾ, ಎಷ್ಟು? ಸಿಗರೇಟು ಬಿಟ್ಟು ಎಷ್ಟು ತಿಂಗಳಾಗಿರಬೇಕು? ಯಾವ ದಿನ ಮತ್ತೆ ಬರಬೇಕು? ಬರೆಸಿಕೊಳ್ಳಿ. “ಆಗುವುದಿಲ್ಲ” ಎಂದೇ ಬಂದರೂ ಇನ್ನೊಂದು ಕೇಂದ್ರದಲ್ಲಿ ಕೇಳಿ ನೋಡುವುದು ತಪ್ಪಲ್ಲ. ಕೇಂದ್ರಗಳ ಮಾನದಂಡ ಒಂದೇ ಥರ ಇರುವುದಿಲ್ಲ.

“ಆಗುತ್ತದೆ” ಎಂದರೂ ಅದು ನೋಂದಣಿಯಲ್ಲ. ನೋಂದಣಿಯಾದ ದಿನ, ನಂಬರ್, ಸ್ಟೇಟಸ್ ಇರುವ ಪತ್ರ ಅಥವಾ ಸಂದೇಶ ಕೈಗೆ ಬರಬೇಕು. ಕಾಯುವ ಕಾಲವನ್ನು ಕೆಲವೆಡೆ ಪಟ್ಟಿಗೆ ಸೇರಿದ ದಿನದಿಂದ ಎಣಿಸುತ್ತಾರೆ, ಕೆಲವೆಡೆ ಡಯಾಲಿಸಿಸ್ ಶುರುವಾದ ದಿನದಿಂದ. ನಿಮ್ಮದು ಯಾವುದು ಎಂದು ಕೇಳಿ, ಆ ತಾರೀಖು ಸರಿಯಾಗಿ ದಾಖಲಾಗಿದೆಯಾ ನೋಡಿ.

ಹಂತ 7: ಕಾಯುವ ಕೆಲಸ

ತಿಂಗಳಿಗೊಂದು ದಿನ ಗುರುತು ಹಾಕಿಕೊಳ್ಳಿ. ನಾನು ಪ್ರತಿ ತಿಂಗಳ 5ರಂದು ಕೋಆರ್ಡಿನೇಟರ್‌ಗೆ ಒಂದೇ ಸಂದೇಶ ಕಳಿಸುತ್ತಿದ್ದೆ: “ನನ್ನ ಹೆಸರು ಆಕ್ಟಿವ್ ಇದೆಯಾ? ಈ ತಿಂಗಳು ಯಾವ ರಿಪೋರ್ಟ್ ಬೇಕು?” ಮೊದಮೊದಲು ಸಂಕೋಚವಾಗುತ್ತಿತ್ತು. ಒಂದು ದಿನ ಅವರೇ ಹೇಳಿದರು, “ನೀವು ಕೇಳ್ತೀರಲ್ಲ, ಅದರಿಂದ ನನಗೂ ನೆನಪಾಗುತ್ತೆ.” ನೂರಾರು ಹೆಸರು ನೋಡಿಕೊಳ್ಳುವವರಿಗೆ ಇದು ಕಿರಿಕಿರಿಯಲ್ಲ.

ರಕ್ತದ ಸ್ಯಾಂಪಲ್ ತಪ್ಪಿಸಬೇಡಿ. ಪ್ರತಿಕಾಯಗಳು ಏರಿಳಿಯುತ್ತಿರುವುದರಿಂದ ಲ್ಯಾಬಿನಲ್ಲಿ ನಿಮ್ಮ ತಾಜಾ ಸೀರಂ (ರಕ್ತದಿಂದ ಬೇರ್ಪಡಿಸಿದ ತಿಳಿ ದ್ರವ) ಇರಬೇಕು. ಕೆಲವೆಡೆ ತಿಂಗಳಿಗೊಮ್ಮೆ, ಕೆಲವೆಡೆ ಮೂರು ತಿಂಗಳಿಗೊಮ್ಮೆ ತೆಗೆಯುತ್ತಾರೆ. ಡಯಾಲಿಸಿಸ್ ಘಟಕದವರು ಕಳಿಸಿರುತ್ತಾರೆ ಎಂದು ಆಸ್ಪತ್ರೆ, ಆಸ್ಪತ್ರೆಯವರು ತೆಗೆದಿರುತ್ತಾರೆ ಎಂದು ಘಟಕ, ಇಬ್ಬರ ನಡುವೆ ಸ್ಯಾಂಪಲ್ಲೇ ಇಲ್ಲ. ಟ್ಯೂಬಿನ ಮೇಲೆ ಹೆಸರು ಬರೆಯುವುದನ್ನು ಕಣ್ಣಾರೆ ನೋಡಿ, ತಾರೀಖನ್ನು ನಿಮ್ಮ ಹಾಳೆಯಲ್ಲಿ ಹಾಕಿಕೊಳ್ಳಿ.

ಹಿಮೋಗ್ಲೋಬಿನ್ ಕಡಿಮೆಯಾದ ಕೂಡಲೇ ಒಂದು ಬಾಟಲಿ ರಕ್ತ ಏರಿಸಿಬಿಡೋಣ ಎಂದರೆ ತಡೆಯಿರಿ. “ನಾನು ಕಸಿ ಪಟ್ಟಿಯಲ್ಲಿದ್ದೇನೆ, ಕಬ್ಬಿಣಾಂಶದ ಮತ್ತು ಎರಿತ್ರೋಪೊಯೆಟಿನ್ ಇಂಜೆಕ್ಷನ್‌ನಲ್ಲಿ ಸರಿಯಾಗುತ್ತದಾ?” ಎಂದು ಕೇಳಿ. ಪ್ರಾಣಕ್ಕೆ ಕುತ್ತಿದ್ದರೆ ಮರುಮಾತಿಲ್ಲದೆ ಏರಿಸಿಕೊಳ್ಳಿ. ಬಿಳಿ ರಕ್ತಕಣ ಸೋಸಿದ ರಕ್ತ ಕೇಳಿ, ಅದೇ ದಿನ ಕೋಆರ್ಡಿನೇಟರ್‌ಗೆ ತಿಳಿಸಿ. ಕೆಲವು ವಾರ ಬಿಟ್ಟು ಹೊಸ ಸ್ಯಾಂಪಲ್ ಬೇಕಾಗುತ್ತದೆ.

ಡಯಾಲಿಸಿಸ್ ತಪ್ಪಿಸುವುದು, ಅರ್ಧಕ್ಕೆ ಎದ್ದು ಬರುವುದು ಎರಡೂ ದಾಖಲಾಗುತ್ತವೆ. ಪೊಟ್ಯಾಸಿಯಮ್ ಏರಿರುವ ದಿನ ಕರೆ ಬಂದರೆ ಮೊದಲು ಡಯಾಲಿಸಿಸ್, ಆಮೇಲೆ ಆಪರೇಷನ್. ಆ ಕೆಲವು ಗಂಟೆಗಳು ಆ ರಾತ್ರಿ ಬಹಳ ದುಬಾರಿ. ಫಿಸ್ಟುಲಾ (ಡಯಾಲಿಸಿಸ್‌ಗಾಗಿ ಜೋಡಿಸಿದ ರಕ್ತನಾಳ) ಇರುವ ಕೈಯಲ್ಲಿ ಬಿಪಿ ನೋಡಲು, ರಕ್ತ ತೆಗೆಯಲು ಬಿಡಬೇಡಿ. ಕಸಿಯ ದಿನವೂ ಬಿಡಬೇಡಿ. ಹೊಸ ಕಿಡ್ನಿ ತಕ್ಷಣ ಕೆಲಸ ಶುರು ಮಾಡದೆ ಕೆಲವು ದಿನ ಡಯಾಲಿಸಿಸ್ ಬೇಕಾಗುವುದುಂಟು.

ಮೈ ಆಡಿಸುತ್ತಿರಿ. ದಿನಕ್ಕೆ ಅರ್ಧ ಗಂಟೆ ನಡೆದವರು ಆಪರೇಷನ್ ಆದ ಮರುದಿನ ಹಾಸಿಗೆಯಿಂದ ಏಳುವುದಕ್ಕೂ ವರ್ಷಗಟ್ಟಲೆ ಮಲಗಿದ್ದವರು ಏಳುವುದಕ್ಕೂ ಬಹಳ ವ್ಯತ್ಯಾಸವಿದೆ. ಈಗಿನ ಮಾತ್ರೆಗಳನ್ನೇ ವೈದ್ಯರು ಹೇಳಿದ ಹೊತ್ತಿಗೆ ಸರಿಯಾಗಿ ಅಲಾರಾಂ ಇಟ್ಟು ನುಂಗುವ ಅಭ್ಯಾಸ ಮಾಡಿ, ಮುಂದೆ 12 ಗಂಟೆಗೊಮ್ಮೆ ಅದೇ ಬದುಕು. ಯಾರೋ ಹೇಳಿದ ಗಿಡಮೂಲಿಕೆ ಮದ್ದು, ನೋವಿನ ಮಾತ್ರೆ ಬೇಡ. ಅಲ್ಪಸ್ವಲ್ಪ ಮೂತ್ರ ಬರುತ್ತಿದ್ದರೆ ಅದನ್ನೂ ಕಳೆದುಕೊಳ್ಳುತ್ತೀರಿ.

ಕೆಳಗಿನವುಗಳಲ್ಲಿ ಒಂದು ಕಂಡರೂ ಅದೇ ದಿನ ತಂಡಕ್ಕೆ ಫೋನ್ ಮಾಡಿ:

- ಜ್ವರ, ಚಳಿ, ಕೆಮ್ಮು, ಮೂತ್ರದಲ್ಲಿ ಉರಿ, ಹಲ್ಲಿನ ಊತ
- ಕಾಲಿನಲ್ಲಿ ಮಾಯದ ಗಾಯ, ಕ್ಯಾತಿಟರ್ (ಡಯಾಲಿಸಿಸ್ ಕೊಳವೆ) ಸುತ್ತ ಕೆಂಪು ಅಥವಾ ಕೀವು
- ಎದೆನೋವು, ಹೊಸದಾಗಿ ಶುರುವಾದ ಏದುಸಿರು (ಇವಕ್ಕೆ ಮೊದಲು ತುರ್ತು ಚಿಕಿತ್ಸೆ, ಫೋನ್ ಆಮೇಲೆ)
- ಬೇರೆ ಆಸ್ಪತ್ರೆಗೆ ದಾಖಲಾದದ್ದು, ಹೊಸದಾಗಿ ಶುರುವಾದ ಆ್ಯಂಟಿಬಯಾಟಿಕ್ ಅಥವಾ ರಕ್ತ ತೆಳುವಾಗಿಸುವ ಮಾತ್ರೆ
- ಫೋನ್ ನಂಬರ್, ವಿಳಾಸ, ವಿಮೆ ಬದಲಾದದ್ದು, ಊರು ಬಿಟ್ಟು ಹೋಗುವುದು

ತಿಳಿಸಿದರೆ ಹೋಲ್ಡ್‌ಗೆ ಹಾಕುತ್ತಾರೆ ಎಂದು ಹೆದರಿ ಮುಚ್ಚಿಡುವವರಿದ್ದಾರೆ. ಜ್ವರ ಇಳಿದ ಮೇಲೆ ಮತ್ತೆ ಆಕ್ಟಿವ್ ಮಾಡುತ್ತಾರೆ. ಸಾಮಾನ್ಯವಾಗಿ ಅಲ್ಲಿವರೆಗಿನ ಕಾಯುವ ಕಾಲ ಕಳೆದುಹೋಗುವುದಿಲ್ಲ. ಸೋಂಕಿನ ಮೇಲೆಯೇ ಕಸಿಯಾಗಿ, ರೋಗನಿರೋಧಕ ಶಕ್ತಿ ಇಳಿಸುವ ಔಷಧ ಬಿದ್ದರೆ ಪ್ರಾಣಕ್ಕೇ ಅಪಾಯ.

ಹಂತ 8: ಎಂಥ ಕಿಡ್ನಿ ಒಪ್ಪುತ್ತೀರಿ?

ಇದನ್ನು ಹಗಲು ಹೊತ್ತಿನಲ್ಲಿ, ಸಮಾಧಾನವಾಗಿ, ತಂಡದ ಜೊತೆ ಕೂತು ಮಾತಾಡಬೇಕು. ದಾನಿಗೆ ವಯಸ್ಸಾಗಿರಬಹುದು, ಬಿಪಿ ಇದ್ದಿರಬಹುದು, ಹೆಪಟೈಟಿಸ್ ಸಿ ಇದ್ದಿರಬಹುದು. ಅಂಥ ಕಿಡ್ನಿ ಬೇಡ ಎಂದರೆ ಕಾಯುವುದು ಉದ್ದವಾಗುತ್ತದೆ, ಬೇಕು ಎಂದರೆ ಅದು ಕಡಿಮೆ ವರ್ಷ ಕೆಲಸ ಮಾಡಬಹುದು. ಅರವತ್ತೈದು ದಾಟಿ ಡಯಾಲಿಸಿಸ್‌ನಲ್ಲಿ ನರಳುತ್ತಿರುವವರಿಗೂ ಇಪ್ಪತ್ತೈದರ ಹುಡುಗನಿಗೂ ಉತ್ತರ ಒಂದೇ ಆಗಲಾರದು. ರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಿನಲ್ಲಿ ಹತ್ತು ನಿಮಿಷದೊಳಗೆ ನಿರ್ಧರಿಸುವ ವಿಷಯವಂತೂ ಅಲ್ಲ.

ಹಂತ 9: ಕರೆ ಬಂದ ರಾತ್ರಿ

ಹೊರತೆಗೆದ ಕಿಡ್ನಿಯನ್ನು ತಣ್ಣಗಿಟ್ಟರೂ ಸಾಮಾನ್ಯವಾಗಿ ಒಂದು ದಿನದೊಳಗೆ ಜೋಡಿಸಬೇಕು, ಬೇಗ ಆದಷ್ಟೂ ಒಳ್ಳೆಯದು. ಆದ್ದರಿಂದ ಫೋನ್ ಎತ್ತದಿದ್ದರೆ ಮುಂದಿನವರಿಗೆ ಹೋಗುತ್ತದೆ. ಗೊತ್ತಿಲ್ಲದ ನಂಬರ್ ಬಂದರೂ ಎತ್ತಿ. ಫೋನಿನ ‘ಡು ನಾಟ್ ಡಿಸ್ಟರ್ಬ್’ನಲ್ಲಿ ಆಸ್ಪತ್ರೆಯ ನಂಬರಿಗೆ ವಿನಾಯಿತಿ ಹಾಕಿ. ಮೂರು ಜನರ ನಂಬರ್ ಕೊಟ್ಟಿರಿ, ಮೂವರಿಗೂ ವಿಷಯ ಗೊತ್ತಿರಲಿ. ಕೊಟ್ಟ ಮೂರನೇ ನಂಬರ್ ನನ್ನ ಮಾವನದು. ಅವರು ರಾತ್ರಿ ಫೋನ್ ಆಫ್ ಮಾಡಿ ಮಲಗುತ್ತಾರೆಂದು ಒಂದು ವರ್ಷದ ಮೇಲೆ ಗೊತ್ತಾಯಿತು!

ಕರೆ ಬಂದಾಗ ಈ ಕ್ರಮ ಹಿಡಿಯಿರಿ.

1. ಕೊನೆಯ ಡಯಾಲಿಸಿಸ್ ಯಾವಾಗ, ಕೊನೆಯದಾಗಿ ತಿಂದದ್ದು ಯಾವಾಗ, ಜ್ವರ ಅಥವಾ ಗಾಯ ಇದೆಯಾ, ಇತ್ತೀಚೆಗೆ ರಕ್ತ ಏರಿಸಿದ್ದಾರಾ ಎಂಬುದಕ್ಕೆ ನಿಜವಾದ ಉತ್ತರ ಕೊಡಿ. ಡಯಾಲಿಸಿಸ್ ನಡೆಯುತ್ತಿರುವಾಗಲೇ ಕರೆ ಬಂದರೆ ಹೆಪಾರಿನ್ ಕೊಟ್ಟಿದ್ದಾರೆಂದೂ ಹೇಳಿ.
2. ಆ ಕ್ಷಣದಿಂದ ಏನೂ ತಿನ್ನಬೇಡಿ, ಕುಡಿಯಬೇಡಿ. ಬಿಪಿ ಮಾತ್ರೆ, ಇನ್ಸುಲಿನ್, ರಕ್ತ ತೆಳುವಾಗಿಸುವ ಮಾತ್ರೆ ಏನು ಮಾಡಬೇಕೆಂದು ಫೋನಿನಲ್ಲೇ ಕೇಳಿ. ಖಾಲಿ ಹೊಟ್ಟೆಯಲ್ಲಿ ಎಂದಿನಷ್ಟೇ ಇನ್ಸುಲಿನ್ ಚುಚ್ಚಿಕೊಂಡು ದಾರಿಯಲ್ಲಿ ಶುಗರ್ ಇಳಿದು ತಲೆಸುತ್ತಿ ಬಿದ್ದವರಿದ್ದಾರೆ.
3. ಯಾವ ಗೇಟು, ಯಾವ ವಾರ್ಡು, ಎಷ್ಟು ಗಂಟೆಯೊಳಗೆ ಎಂದು ಕೇಳಿ ಬರೆದುಕೊಳ್ಳಿ.
4. ಗಾಡಿ ನೀವೇ ಓಡಿಸಬೇಡಿ.

ಬ್ಯಾಗ್ ಮೊದಲೇ ಕಟ್ಟಿರಬೇಕು: ಫೈಲ್, ಗುರುತಿನ ಚೀಟಿ, ವಿಮೆಯ ಕಾಗದ, ಮಾತ್ರೆಗಳು, ಕನ್ನಡಕ, ಉದ್ದ ವೈರಿನ ಚಾರ್ಜರ್, ಸೊಂಟದಲ್ಲಿ ಸಡಿಲವಾಗಿರುವ ಬಟ್ಟೆ. ಗಾಯ ಬೀಳುವುದು ಕಿಬ್ಬೊಟ್ಟೆಯ ಮೇಲೆ, ಬಿಗಿ ಲಾಡಿ ಕಟ್ಟುವ ಬಟ್ಟೆ ಆಗ ಚುಚ್ಚುತ್ತದೆ.

ಹಂತ 10: ಹೋಗಿ ಹಾಗೇ ವಾಪಸ್ ಬಂದರೆ

ಆಸ್ಪತ್ರೆ ತಲುಪಿದ ಮೇಲೂ ಖಾತ್ರಿಯಿಲ್ಲ. ನಿಮ್ಮ ಸೀರಂ ಜೊತೆ ದಾನಿಯ ಕಣಗಳನ್ನು ಬೆರೆಸಿ ಕ್ರಾಸ್‌ಮ್ಯಾಚ್ ಮಾಡುತ್ತಾರೆ, ಅದಕ್ಕೆ ಕೆಲವು ಗಂಟೆ ಬೇಕು. ಪಾಸಿಟಿವ್ ಬಂದರೆ ಆ ಕಿಡ್ನಿ ನಿಮ್ಮದಲ್ಲ. ಕೆಲವೊಮ್ಮೆ ಕಿಡ್ನಿಯೇ ಚೆನ್ನಾಗಿರುವುದಿಲ್ಲ. ಕೆಲವೊಮ್ಮೆ ನಿಮ್ಮನ್ನು ಕರೆದದ್ದೇ ಎರಡನೆಯವರಾಗಿ, ಮೊದಲನೆಯವರಿಗೆ ಆಗದಿದ್ದರೆ ಇರಲಿ ಎಂದು. ಕರೆ ಬಂದಾಗಲೇ “ನಾನು ಮೊದಲನೆಯವನಾ, ಬ್ಯಾಕಪ್ಪಾ?” ಎಂದು ಕೇಳಿಕೊಂಡರೆ ಮನೆಯವರ ನಿರೀಕ್ಷೆ ಹಿಡಿತದಲ್ಲಿರುತ್ತದೆ.

ಮೊದಲ ಸಲ ನನ್ನನ್ನು ಕರೆದಾಗ ಬೆಳಗಿನ ಐದೂವರೆವರೆಗೆ ವಾರ್ಡಿನ ಸ್ಟೀಲ್ ಕುರ್ಚಿಯಲ್ಲಿ ಕೂತಿದ್ದೆ. ಎದುರಿನ ಕುರ್ಚಿಯಲ್ಲಿ ಇನ್ನೊಬ್ಬರು, ಅವರ ಕೈಯಲ್ಲೂ ನನ್ನದರಂಥದೇ ಫೈಲ್. ನರ್ಸ್ ಬಂದು ಅವರ ಹೆಸರು ಕರೆದರು. ಅವರು ಎದ್ದು ನನ್ನ ಕಡೆ ನೋಡಿ ಏನು ಹೇಳಬೇಕೆಂದು ತೋಚದೆ ಕೈ ಮುಗಿದರು. ನಾನೂ ಮುಗಿದೆ.

ಅಂಥ ದಿನ ಮನೆಗೆ ಹೊರಡುವ ಮುನ್ನ ಮೂರು ಕೆಲಸ ಮಾಡಿ. ಯಾಕೆ ಆಗಲಿಲ್ಲ ಎಂಬ ಕಾರಣ ಕೇಳಿ ಫೈಲಿನಲ್ಲಿ ಬರೆದುಕೊಳ್ಳಿ; ಸೋಂಕು, ಹಳೆಯ ರಿಪೋರ್ಟ್‌ನಂಥ ನಿಮ್ಮ ಕಡೆಯ ಕಾರಣವಾದರೆ ಅದೇ ವಾರ ಸರಿಪಡಿಸಬೇಕು. ನಿಲ್ಲಿಸಿದ ಮಾತ್ರೆಗಳನ್ನು, ಇನ್ಸುಲಿನ್ನನ್ನು ಮತ್ತೆ ಯಾವಾಗ ಶುರು ಮಾಡಬೇಕೆಂದು ಕೇಳಿ. ಡಯಾಲಿಸಿಸ್ ಘಟಕಕ್ಕೆ ಫೋನ್ ಮಾಡಿ ನಿಮ್ಮ ಪಾಳಿ ಉಳಿಸಿಕೊಳ್ಳಿ, ರಾತ್ರಿಯೆಲ್ಲ ಉಪವಾಸವಿದ್ದು ಸುಸ್ತಾಗಿದ್ದರೂ ಆ ದಿನದ ಡಯಾಲಿಸಿಸ್ ಬಿಡಬೇಡಿ. ಮನೆಗೆ ಬಂದು ನಿದ್ದೆ ಮಾಡಿ. ಎರಡು ದಿನ ಬಿಟ್ಟು ಕೋಆರ್ಡಿನೇಟರ್‌ಗೆ ಅದೇ ಸಂದೇಶ ಕಳಿಸಿ, ಬ್ಯಾಗಿನಿಂದ ತೆಗೆದ ಚಾರ್ಜರನ್ನು ವಾಪಸ್ ಬ್ಯಾಗಿಗೇ ಹಾಕಿಡಿ.